ಒಂದನೇ ದರ್ಜೆಯ ಅತ್ತೆ

ಸ್ಕೇಲಿಟ್ಟು ಎಳೆದ ಗೆರೆಗಳು ಎರಡೇ ಇದ್ದವು. ಮೇಲೆ ಅಜ್ಜನ ಹೆಸರು. ಕೆಳಗೆ ಎಡಕ್ಕೆ ತೀರಿಹೋದ ನನ್ನ ಅಪ್ಪ, ಅವರ ಕೆಳಗೆ ಕಂಸದಲ್ಲಿ ನಾನು, ಬಲಕ್ಕೆ ಚಿಕ್ಕಪ್ಪ. ಅಜ್ಜನಿಗೆ ಮಕ್ಕಳು ಮೂವರು.

ತೊಂಬತ್ತರ ದಶಕದ ಕೊನೆಯ ಮಾತು. ಅಜ್ಜ ತೀರಿದ ಮೇಲೆ, ಅವರು ಸ್ವಂತವಾಗಿ ಕೊಂಡ ತೋಟದ ಖಾತೆ ವಾರಸುದಾರರ ಹೆಸರಿಗೆ ಬದಲಾಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಚಿಕ್ಕಪ್ಪ ಪೆನ್ಸಿಲಿನಲ್ಲಿ ಬರೆದದ್ದನ್ನು ಛಾಪಾ ಕಾಗದಕ್ಕೆ ಇಳಿಸುವ ಕೆಲಸ ನನ್ನದು. ಕಾನೂನು ಪದವಿ ಮುಗಿಸಿ ಆಗಷ್ಟೇ ಬಾಳೂರಿಗೆ ಮರಳಿದ್ದೆ. ಮನೆಯವರ ದೃಷ್ಟಿಯಲ್ಲಿ ಐದು ವರ್ಷದ ಓದಿನ ಫಲವೆಂದರೆ ನನ್ನ ಕೈಬರಹ.

"ಹಿರಿಯರ ಹೆಸರು ಮೊದ್ಲು ಬರೀಬೇಕು, ಅದು ವಾಡಿಕೆ," ಎಂದು ಎಚ್ಚರಿಸಿದ್ದರು ಚಿಕ್ಕಪ್ಪ.

ಕಾನೂನಿಗೆ ನೆಂಟಸ್ತಿಕೆ ಗೊತ್ತು, ನೆಂಟರು ಗೊತ್ತಿಲ್ಲ. ಊರಿಗೆಲ್ಲ ಪುಟ್ಟಿಯಾದ ನಾನು ಅದಕ್ಕೆ 'ಪೂರ್ವಮೃತ ಪುತ್ರನ ಪುತ್ರಿ'. ಪಾಪ, ಅಜ್ಜನಿಗಿಂತ ಮೊದಲೇ ಹೋದ ಅಪ್ಪ ಸರದಿ ತಪ್ಪಿಸಿ ನುಗ್ಗಿದವರ ಹಾಗೆ ಕೇಳಿಸುತ್ತದೆ. ಕ್ಯೂರಿಂಗ್ ಕಾರ್ಖಾನೆಯಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿಯುವಂತೆ ಕಾನೂನು ನಮ್ಮನ್ನೂ ಒಂದನೇ ದರ್ಜೆ, ಎರಡನೇ ದರ್ಜೆ, ಗೋತ್ರಜರು, ಬಂಧುಗಳು ಎಂದು ಬೇರ್ಪಡಿಸುತ್ತದೆ. ಬಂಧುಗಳು ಕಟ್ಟಕಡೆಗೆ! ಮದುವೆಮನೆಯ ಮೊದಲ ಪಂಕ್ತಿಯಲ್ಲೇ ಎಲೆ ಹಿಡಿದು ಕೂರುವವರು ಇದನ್ನು ಓದದಿರುವುದೇ ಒಳ್ಳೆಯದು.

ವೃಕ್ಷದಲ್ಲಿ ಬಿಟ್ಟುಹೋದವರು ಸೀತತ್ತೆ, ಅಜ್ಜನ ಮೂವರು ಮಕ್ಕಳಲ್ಲಿ ಹಿರಿಯರು. ಗಂಡ ತೀರಿದ ಮೇಲೆ ತವರಿಗೆ ಬಂದು, ತೋಟದೊಳಗೆ ಹಳ್ಳದ ಪಕ್ಕದ ಒಂದೆಕರೆ ಪಾಳು ಜಾಗದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದವರು. ವೃಕ್ಷದಲ್ಲಿ ಹೆಸರಿಲ್ಲದಿದ್ದರೆ ಆ ಒಂದೆಕರೆಯೂ ಅವರದಲ್ಲ.

ಅತ್ತೆಯ ಹೆಸರೆಲ್ಲಿ ಎಂದು ಕೇಳಿದ್ದಕ್ಕೆ, "ಹೆಣ್ಮಕ್ಕಳ ಹೆಸರು ಹಾಕೋ ವಾಡಿಕೆ ಇಲ್ಲ ಮಾರಾಯ್ತಿ," ಎಂದರು ಚಿಕ್ಕಪ್ಪ.

"ಅಪ್ಪನ ಕೆಳಗೆ ನನ್ನ ಹೆಸರು ಹಾಕಿದೀರಲ್ಲ?"

"ನೀನು ಲಾ ಓದಿದೀಯಲ್ಲ!"

ಸಂಜೆ ಅಡುಗೆಮನೆಯಲ್ಲಿ ಅತ್ತೆ ಕೇಳಿದರು: "ಕಾನೂನಲ್ಲಿ ನಾನು ಎಷ್ಟನೇ ದರ್ಜೆ ಪುಟ್ಟಿ?"

"ಒಂದನೇ ದರ್ಜೆ ಅತ್ತೆ."

"ನಿನ್ ಚಿಕ್ಕಪ್ಪ?"

"ಅವ್ರೂ ಒಂದನೇ ದರ್ಜೆನೇ."

"ಅವ್ನಾ? ಏಳನೇ ಕ್ಲಾಸಲ್ಲಿ ಎರಡು ಸಲ ಕೂತವ್ನು!"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅತ್ತೆ ಒಲೆಯ ಕಡೆ ತಿರುಗಿ, "ಬಳ್ಳಿ ಇರೋ ಜಾಗ ಒಂದು ಉಳಿದಿದ್ರೆ ಸಾಕಿತ್ತು," ಎಂದರು.

ನಾನು ಎದುರು ವಾದಿಸುವವಳಲ್ಲ. ಕಾಲೇಜಿನ ಅಣಕು ನ್ಯಾಯಾಲಯದಲ್ಲೂ ನನ್ನ ದನಿ ಮೊದಲ ಬೆಂಚು ದಾಟಿರಲಿಲ್ಲ. ಆದರೆ ವಾಡಿಕೆಯನ್ನು ನಾನೂ ಗೌರವಿಸುತ್ತೇನೆ, ವಿಶೇಷವಾಗಿ ಚಿಕ್ಕಪ್ಪ ಮೊದಲು ಹೇಳಿದ್ದನ್ನು.

ಮರುದಿನ ಬೆಳಿಗ್ಗೆ ಛಾಪಾ ಕಾಗದದ ಮೇಲೆ ಮೂರು ಗೆರೆ ಎಳೆದೆ. ಹಿರಿಯರ ಹೆಸರು ಮೊದಲು: ಸೀತಮ್ಮ, ಪುತ್ರಿ. ನಡುವೆ ಅಪ್ಪ. ಕೊನೆಯಲ್ಲಿ ಚಿಕ್ಕಪ್ಪ. ಅದನ್ನು ಅವರ ಮುಂದಿಟ್ಟು, ಪೆನ್ನಿನ ಕ್ಯಾಪ್ ತೆಗೆದು ಕೊಟ್ಟೆ.

"ಪ್ರಮಾಣ ಮಾಡಿ ಸಹಿ ಹಾಕೋರು ನೀವು ಚಿಕ್ಕಪ್ಪ. ಅಜ್ಜನಿಗೆ ಎಷ್ಟು ಮಕ್ಕಳು ಅಂತ ಒಂದ್ಸಲ ಎಣಿಸ್ಕೊಂಡ್ಬಿಡಿ."

ಆಮೇಲೆ ಅವರ ಎದುರಿನ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ, ಇಬ್ಬರಿಗೂ ಕಾಫಿ ತರಲು ನಾನೇ ಒಳಗೆ ಹೋದೆ.