ಕಿವಿಯಣ್ಣನ ಮಗಳ ಉಸಿರು

ಸೈಕಲ್ ಟ್ಯೂಬನ್ನು ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದು ಉಳಿದವರ ಪಾಡು. ನಮ್ಮ ಪಂಕ್ಚರ್ ಅಂಗಡಿಯವನಿಗೆ ನೀರೇ ಬೇಡ. ಗಾಳಿ ತುಂಬಿ ಕಿವಿಗೆ ಹಿಡಿದನೆಂದರೆ ತೂತು ಸಿಕ್ಕಿತೆಂದೇ ಲೆಕ್ಕ. ಅದಕ್ಕೇ ಬೀದಿಯವರೆಲ್ಲ ಅವನನ್ನು ಕಿವಿಯಣ್ಣ ಅನ್ನುತ್ತಿದ್ದರು. ಅಂಥವನಿಗೆ ಆಸ್ತಮಾ ಇರುವ ಮಗಳೇ ಹುಟ್ಟಬೇಕೇ!

ಕೂತರೂ ನಿಂತರೂ ಅವನ ಕಿವಿ ಮಗಳ ಎದೆಯ ಮೇಲೇ. ಅವಳ ಉಸಿರು ಒಂದಿಷ್ಟು ಸುಯ್ ಅಂದರೆ ಸಾಕು, ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಕಿಟಕಿ ತೆಗಿ, ಕಿಟಕಿ ಮುಚ್ಚು, ಓಡಬೇಡ, ಜೋರಾಗಿ ನಗಬೇಡ!

"ಅವಳೇನು ಟ್ಯೂಬೇನ್ರೀ? ಬಿಡಿ ಸ್ವಲ್ಪ," ಎಂದು ಹೇಳಿ ಹೇಳಿ ಹೆಂಡತಿಗೆ ಸಾಕಾಗಿತ್ತು.

ಡಾಕ್ಟರಮ್ಮನೂ ಬಿಡಿಸಿ ಹೇಳಿದ್ದರು: "ಇನ್‌ಹೇಲರ್ ತಪ್ಪಿಸ್ಬೇಡಿ, ಆಟಕ್ಕೆ ಕಳಿಸಿ. ನಿಮ್ಮ ಗಾಬರಿನೂ ಕಡಿಮೆಯಾಗ್ಬೇಕು. ಮನೇಲಿ ದಿನಾ ಹೀಗಿದ್ರೆ ಮಗೂಗೆ ಉಬ್ಬಸ ಜಾಸ್ತಿಯಾಗೋದೂ ಉಂಟು."

ತಲೆಯಾಡಿಸಿ ಬಂದ. ಬಂದವನೇ ಮತ್ತೆ ಕಿವಿಯಿಟ್ಟ. ಇವನಿಗೆ ಹೇಳಿ ಏನು ಪ್ರಯೋಜನ, ಕರ್ಮ!

ಒಂದು ಸಂಜೆ ಅಂಗಡಿಯಲ್ಲಿ ಟ್ಯೂಬೊಂದನ್ನು ಕಿವಿಗೆ ಹಿಡಿದಾಗ ಸುಯ್ ಎಂಬ ಸದ್ದು. ಎಷ್ಟು ತಿರುಗಿಸಿದರೂ ತೂತಿಲ್ಲ. ಸದ್ದು ಬರುತ್ತಿದ್ದದ್ದು ಹಿತ್ತಲಿನ ಹಳೆ ಟೈರುಗಳ ರಾಶಿಯ ಮರೆಯಿಂದ. ಇಣುಕಿದರೆ ಮಗಳು! ಆಡಿ ಬೆವತುಕೊಂಡು, ಆ ಧೂಳಿನಲ್ಲೇ ಒಬ್ಬಳೇ ಕೂತು, ಕದ್ದು ಇನ್‌ಹೇಲರ್ ಎಳೆಯುತ್ತಿದ್ದಾಳೆ. ಅವನ ಜೀವ ಬಾಯಿಗೆ ಬಂತು. ಎತ್ತಿ ಬಯಲಿಗೆ ತಂದು ಕೂರಿಸಿದ.

"ನನಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಹೇಳಿದ್ರೆ... ಗಾಬರಿ ಬೀಳ್ತೀಯಲ್ಲಪ್ಪ. ನಿನ್ನ ಸಮಾಧಾನ ಮಾಡೋಷ್ಟ್ರಲ್ಲಿ... ನಂಗೇ ಉಸಿರು ಸಾಲಲ್ಲ."

ಊರವರ ಟ್ಯೂಬಿನ ತೂತೆಲ್ಲ ಗೊತ್ತಿದ್ದವನಿಂದ ಮಗಳು ತನ್ನ ಉಬ್ಬಸ ಬಚ್ಚಿಡುತ್ತಿದ್ದಳು. ನಾಳೆ ಇವನ ಕಿವಿಗೂ ಬೀಳದಷ್ಟು ದೂರ ಹೋಗಿ ಬಚ್ಚಿಟ್ಟರೆ? ಅವನಿಗೆ ಅಳುವೇ ಬಂತು. ಅತ್ತರೆ ಸಮಾಧಾನ ಮಾಡಬೇಕಾದವಳು ಮತ್ತೆ ಅವಳೇ! ನುಂಗಿಕೊಂಡ. ಕೈಗಳನ್ನು ತೊಡೆಯಡಿಗೆ ತುರುಕಿಕೊಂಡು ಅವಳ ಪಕ್ಕದಲ್ಲಿ ಕೂತ.

"ಇನ್ನೊಂದ್ಸಲ ಎಳ್ಕೋಬೇಕಾ?" ಮೆಲ್ಲಗೆ ಕೇಳಿದ.

ಇದು ನಮ್ಮಪ್ಪನೇನಾ ಎಂಬಂತೆ ಅವಳು ಅವನ ಮುಖ ನೋಡಿದಳು. ಹೂಂ ಅಂದಳು, ಎಳೆದುಕೊಂಡಳು. ಸುಯ್ ಸದ್ದು ಸಣ್ಣದಾಗುತ್ತ ಬಂತು, ಅವಳ ಮುಖ ಗೆಲುವಾಯಿತು. ಅಷ್ಟು ಹೊತ್ತೂ ಅವನು ಎದೆಗೆ ಕಿವಿಯಿಡಲಿಲ್ಲ.

ಅವಳು ಅವನ ಭುಜ ತಟ್ಟಿದಳು. "ಸರಿಹೋಯ್ತಪ್ಪಾ. ಈಗ ಬೇಕಾದ್ರೆ ಹೆದರ್ಕೋ."