ಮಾದಯ್ಯನ ಮಾತ್ರೆ ನಿಲ್ಲಿಸಿದವನು ನಾನು

2018ರಲ್ಲಿ ನಾನು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಕಡೆಯ ನಾಲೆಯೊಂದರಲ್ಲಿ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬು ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವ ಕೆಲಸ. ಓದಿದ್ದು ಹತ್ತನೇ ತರಗತಿ. ಆದರೆ ಗೇಟಿನ ಕೀಲಿ ನನ್ನ ಕೈಯಲ್ಲಿದ್ದುದರಿಂದ ಜನ ಮದುವೆ ಮಾತುಕತೆಗೂ ನನ್ನ ಅಭಿಪ್ರಾಯ ಕೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಜೊತೆಗೆ ಕೆಲಸ ಮಾಡುತ್ತಿದ್ದ ಮಾದಯ್ಯ ನನಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೆ ಬಿ.ಪಿ. ಇದೆಯೆಂದು ನಂಜನಗೂಡಿನ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದಿದ್ದರು. ಒಂದು ಸಂಜೆ ನಾಲೆಯ ಏರಿಯ ಮೇಲೆ ಕೂತು ಪಾದ ತೋರಿಸಿದ. ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು.

“ಅಣ್ಣ, ಮಾತ್ರೆ ತಕಂಡಾಗಿಂದ ಕಾಲು ಊದ್ಕತವೆ. ಮೊನ್ನೆ ಊರಿಗ್ ಬಂದಿದ್ದ ನರ್ಸಮ್ಮ ನೋಡಿ ಬಿ.ಪಿ. ಸರ್ಯಾಗದೆ ಅಂದ್ರು. ಬುಟ್ಬುಡ್ಲಾ?”

“ಗದ್ದೆ ತುಂಬುದ್ಮೇಲೆ ತೂಬು ಮುಚ್ತೀಯೋ ಇಲ್ವೋ?”

“ಮುಚ್ತೀನಿ.”

“ಮತ್ತೆ? ವಾಸಿಯಾದ್ಮೇಲೂ ನುಂಗ್ತಾ ಕೂತ್ರೆ ಮೆಡಿಕಲ್ ಸ್ಟೋರಿನೋನು ಮಾಳಿಗೆ ಮನೆ ಕಟ್ತಾನೆ, ಅಷ್ಟೆ ಕಣ್ಲಾ.”

ಅವನು ನಕ್ಕ. ಅಂದಿನಿಂದ ಮಾತ್ರೆ ಬಿಟ್ಟ. ಊತ ಇಳಿಯಿತು. ನೋಡಿ, ನಾನು ಹೇಳಿದ್ದೇ ಆಯಿತು ಎಂದು ನಾಲ್ಕು ಜನರ ಮುಂದೆ ಕೊಚ್ಚಿಕೊಂಡೆ.

ಭತ್ತ ತೆನೆ ಕಟ್ಟುವ ಹೊತ್ತಿಗೆ, ಗೇಟು ತಿರುಗಿಸುತ್ತಿದ್ದ ಮಾದಯ್ಯ ಹಾಗೇ ಕುಸಿದ. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಆಟೋದಲ್ಲಿ ನಂಜನಗೂಡಿಗೆ, ಅಲ್ಲಿಂದ ಮೈಸೂರಿಗೆ. ಸ್ಟ್ರೋಕ್ ಎಂದರು, ಮೆದುಳಿನ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲಿಗೆ ಶಕ್ತಿ ಮರಳಲಿಲ್ಲ.

ನಂಜನಗೂಡಿನ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. “ಆ ಮಾತ್ರೇಲಿ ಕೆಲವರಿಗೆ ಕಾಲು ಊದುತ್ತೆ. ನನಗೆ ಹೇಳಿದ್ದಿದ್ರೆ ಬೇರೆ ಕೊಡ್ತಿದ್ದೆ. ಬಿ.ಪಿ. ಸರಿಯಾಗಿದ್ದದ್ದೇ ಮಾತ್ರೆಯಿಂದ” ಎಂದರು.

ಅಷ್ಟೇ. ಬೇರೆ ಮಾತ್ರೆ. ಬಸ್ಸು ಹತ್ತಿ ಹೋಗಿ ಕಾಲು ತೋರಿಸಿದ್ದರೆ ಮುಗಿಯುತ್ತಿತ್ತು. ನೀರು ಹೆಚ್ಚಾದಾಗ ಮೇಲೆ ಗೇಟು ಇಳಿಸಿ ತಡೆಯುತ್ತೇವೆ. ಮೇಲಿನ ನೀರು ಇಳಿಯುವ ಮೊದಲೇ, ಕೆಳಗೆ ಮಟ್ಟ ಸರಿಯಾಯಿತೆಂದು ಮತ್ತೆ ಎತ್ತಿದರೆ ಏರಿ ಒಡೆಯುತ್ತದೆ. ಹಾಗೆ ಎತ್ತಲು ಹೋದವನೊಬ್ಬನನ್ನು ನಾನೇ ಕತ್ತೆ ಎಂದು ಬೈದಿದ್ದೆ. ಮಾದಯ್ಯನ ಮೈಯನ್ನು ಮಾತ್ರ ನಿಂತ ನೀರಿನ ಗದ್ದೆ ಅಂದುಕೊಂಡೆ. ಈ ತಲೆಯನ್ನು ಯಾವ ಕಲ್ಲಿಗೆ ಚಚ್ಚಿಕೊಳ್ಳಲಿ?

ಅವನ ಹೆಂಡತಿ ತಾಯಮ್ಮ ಕೂಗಾಡಲಿಲ್ಲ. “ಬಾವ, ನಾಲೆ ನಿಮ್ದೇಯ, ಒಪ್ಕತೀನಿ. ನನ್ ಗಂಡನ ರಕ್ತುಕ್ಕೂ ನೀವೇ ನೀರುಗಂಟಿಯಾ?” ಎಂದು ಕೇಳಿದಳು.

ಟೀ ಅಂಗಡಿಯಲ್ಲಿ ಕೂತು, ‘ಬಿ.ಪಿ. ಮಾತ್ರೆ ಒಂದು ಚಟ, ಬುಟ್ಬುಡು’ ಎನ್ನುವವರನ್ನು ಕಂಡರೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಆಮೇಲೆ ಬಿದ್ದವನನ್ನು ಎತ್ತಿ ಕೂರಿಸುವುದು, ಬಾಯಿ ಒರೆಸುವುದು ಅವರಲ್ಲ, ತಾಯಮ್ಮ.

ಹೋದ ತಿಂಗಳು ಮಾದಯ್ಯ ತೊದಲುತ್ತ ಹೇಳಿದ: “ಅಣ್ಣ, ಈ ಹೊಸ ಮಾತ್ರೆ ತಕಂಡ್ರೆ ಕೆಮ್ಮು ಬತ್ತದೆ. ಏನ್ ಮಾಡ್ಲಿ?”

ಇಷ್ಟಾದ ಮೇಲೂ ನನ್ನನ್ನೇ ಕೇಳುತ್ತಾನೆ. ಸಿಟ್ಟು ನೆತ್ತಿಗೇರಿತು, ಅವನ ಮೇಲಲ್ಲ.

“ನಂಗೊತ್ತಿಲ್ಲ ಕಣ್ಲಾ. ಡಾಕ್ಟ್ರು ಬುಡು ಅನ್ನೋಗಂಟ ಬುಡ್ಬ್ಯಾಡ. ನಡಿ, ಈಗ್ಲೇ ಓಗಿ ಕೇಳಾನ” ಎಂದೆ.

ಮಾದಯ್ಯ ಬಿದ್ದ ಮೇಲೆ ನಾನು ಕಲಿತದ್ದು ‘ನಂಗೊತ್ತಿಲ್ಲ’ ಎಂಬ ಆ ಮಾತೊಂದನ್ನೇ. ಅದನ್ನು ಹೇಳಬೇಕಾದ ಸಂಜೆ ಹೇಳಿದ್ದರೆ ಮಾದಯ್ಯ ಇವತ್ತು ಬಲಗೈಯಲ್ಲಿ ಉಣ್ಣುತ್ತಿದ್ದ.