ತಂಗಿಯ ತಲೆ ಬಾಚದ ಎರಡು ತಿಂಗಳು

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಹುಕ್ಕೇರಿ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ, ಅವ್ವ ಮೂಡಲಗಿಗೆ ಕಬ್ಬು ಕಡಿಯಲು ಹೋಗಿದ್ದರು. ಒಂಬತ್ತು ವರ್ಷದ ತಂಗಿಯ ತಲೆ ಬಾಚುವ ಕೆಲಸ ನನ್ನದು. ನನಗೆ ಆಗ ಹದಿಮೂರು. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು. ತಲೆಯಲ್ಲಿ ಹುಣ್ಣಾಗಿ, ಬಾಚಣಿಕೆ ಕಂಡರೆ ತಂಗಿ ಅಳುತ್ತಿದ್ದಳು. ನನಗೂ ಬೇಸರ. ಎರಡು ತಿಂಗಳು ಬಿಟ್ಟೇಬಿಟ್ಟೆ. ಎಣ್ಣೆ, ನೀರು ಕಾಣದ ಕೂದಲು ಧೂಳು ಹಿಡಿದು ಹಗ್ಗದಂತೆ ಗಂಟುಗಟ್ಟಿತು.

ಮರಳಿ ಬಂದ ದಿನ ಅವ್ವ ನನ್ನನ್ನು ಬಡಿಯಲು ಕೈ ಎತ್ತಿದ್ದಳು. ಅಷ್ಟರಲ್ಲಿ ಸೋದರತ್ತೆ ಕೂಗಿದಳು: “ಏ, ತಡಿ! ಹುಡುಗಿಗೆ ಜಡಿ ಬಂದೈತಿ. ತಾಯಿ ಕರದಾಳ!” ಎಲ್ಲರೂ ತಂಗಿಯ ಕಾಲಿಗೆ ಬಿದ್ದರು. ಅವಳು ನನ್ನ ಕಡೆ ನೋಡಿ ನಕ್ಕಳು. ಹೊಡೆತ ತಪ್ಪಿತೆಂದು ನಾನೂ ಬಿದ್ದೆ.

ಜಡೆ ಬಂದ ಹುಡುಗಿಯನ್ನು ಯಲ್ಲಮ್ಮನಿಗೆ ಬಿಟ್ಟು ಕೊರಳಿಗೆ ಮುತ್ತು ಕಟ್ಟುವುದು ನಮ್ಮ ಕೇರಿಯ ಪದ್ಧತಿ. ಮುತ್ತು ಕಟ್ಟಿದವಳಿಗೆ ಮದುವೆಯಿಲ್ಲ. ಪೂರ್ತಿ ಬೆಳೆಯುವ ಮೊದಲೇ ಉಳ್ಳವರ ಪಾಲು. ಇದನ್ನು ತಡೆಯುವ ಕಾಯ್ದೆ ಆಗಲೇ ಇತ್ತು. ಅದಕ್ಕೇ ಊರ ಗೌಡರು ವಿಚಾರಿಸಲು ಬಂದರು.

“ಹುಡುಗೀನ ಕರಕೊಂಡು ಎಲ್ಲಿಗೆ ಹೊಂಟೀಯೋ?”

“ಜವಳ ತೆಗಸಾಕ್ರೀ, ಗೌಡ್ರ,” ಎಂದ ಅಪ್ಪ.

“ಒಂಬತ್ತ ವರ್ಷದಾಕೀಗೆ ಜವಳ? ಹಲ್ಲ ಬಿದ್ದು ಮತ್ತ ಬಂದಾವಲ್ಲೋ!” ಗೌಡರು ನಕ್ಕು ನನ್ನತ್ತ ತಿರುಗಿದರು. “ಸಾಲಿ ಕಲ್ತಾಕಿ, ನೀ ಖರೆ ಹೇಳು. ಏನಾಗೇತಿ ಈಕೀ ತಲಿಗೆ?”

‘ನಾ ಬಾಚಿಲ್ರೀ’ ಅಂದಿದ್ದರೆ ಸಾಕಿತ್ತು. “ತಾಯಿ ಬಂದಾಳ್ರೀ,” ಎಂದೆ. ಗೌಡರು ತಂಗಿಗೆ ಕೈಮುಗಿದು ಹೊರಟುಹೋದರು. ಕಾಯ್ದೆಯೂ ಅವರ ಹಿಂದೆಯೇ ಹೋಯಿತು.

ತಂಗಿಗೆ ಮುತ್ತು ಕಟ್ಟಿದರು. ಹದಿಮೂರಕ್ಕೆ ಅವಳನ್ನು ಒಬ್ಬ ಸಾಹುಕಾರನಿಗೆ ಒಪ್ಪಿಸಿದರು. ಊರು ಉಂಡು ಹರಸಿತು. ಅದಕ್ಕೆ ಇಂದಿಗೂ ದೇವರ ಹೆಸರು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಅದು ಮಗುವಿನ ಮೇಲಿನ ಅತ್ಯಾಚಾರ. ಮಾಡಿದವನು ಒಬ್ಬ, ಮಾಡಿಸಿದವರು ನಾವೆಲ್ಲ.

ಹದಿನೈದು ವರ್ಷದ ನಂತರ ತಂಗಿಯ ಎಂಟು ವರ್ಷದ ಮಗಳಿಗೂ ಮುತ್ತು ಕಟ್ಟಲು ದಿನ ಗೊತ್ತುಮಾಡಿದರು. ಗೋಕಾಕಿನ ಗಂಡನ ಮನೆಯಿಂದ ಓಡಿಬಂದು ಹಿರಿಯರ ಮುಂದೆ ನನ್ನ ತಪ್ಪನ್ನೆಲ್ಲ ಹೇಳಿದೆ.

“ದೇವರ ಮ್ಯಾಲೆ ಸುಳ್ಳ ಹೇಳಿದ್ರ ನಾಲಿಗಿ ಬೀಳತೈತಿ,” ಎಂದಳು ಅತ್ತೆ.

“ಬೀಳೂದಿದ್ರ ಗೌಡ್ರ ಮುಂದ ಬೀಳತಿತ್ತು.”

ತಂಗಿ ಎದ್ದು ನನ್ನ ಮುಂದೆ ಬಂದಳು. “ನನಗರೆ ಹೇಳಬೇಕಿತ್ತಲ್ಲಕ್ಕಾ.” ಅಷ್ಟೇ. ಕ್ಷಮಿಸಲಿಲ್ಲ. ಮಗಳ ಕೈ ಹಿಡಿದು ನನ್ನ ಜೊತೆ ಹೊರಟಳು.

ತಾಲೂಕಿನ ಕಚೇರಿಯಲ್ಲಿ ಸಾಹೇಬರು ಕಣ್ಣೆತ್ತಿ ನೋಡಿದರು. “ಕಾಯ್ದೆ ಐತಿ, ಅಕ್ಕಾರ. ತಕರಾರ ಕೊಡಾವ್ರ ಇಲ್ಲ. ನಿಮ್ಮ ಮನಿ ಮಂದಿ ಮ್ಯಾಲೆ ನೀವ ಕೊಡತೀರೇನು?”

“ಕೊಡತೇನ್ರೀ. ಮೊದಲ ನನ್ನ ಹೆಸರ ಬರಕೋರಿ.”

ನಾಳೆ ಬಾ ಎಂದರು. ನಾವು ಮೂವರೂ ಬಾಗಿಲಲ್ಲೇ ಕುಳಿತೆವು. ನಮ್ಮನ್ನು ದಾಟಿ ಓಡಾಡಿ ಸಾಕಾಗಿ, ಸಂಜೆಗೆ ಬರೆದುಕೊಂಡರು. ಗೊತ್ತುಮಾಡಿದ್ದ ದಿನ ಪೊಲೀಸರು ನಮ್ಮ ಅಂಗಳದಲ್ಲಿ ನಿಂತಿದ್ದರು. ಹುಡುಗಿಗೆ ಮುತ್ತು ಕಟ್ಟಲಾಗಲಿಲ್ಲ. ಕೇರಿ ನಮ್ಮನ್ನು ಹೊರಗಿಟ್ಟಿತು.

ಇಟ್ಟರೆ ಇಡಲಿ.